ನೀರಿನಲ್ಲಿ ಓಟ, ನೀರಿನಲ್ಲಿ ಉಸಿರು: ಕೆರೆ ಏರಿಯ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಬೆಳಗಿನಲ್ಲಿ ಆಸಕ್ತರನ್ನು ಕರೆದುಕೊಂಡು ಕೆರೆ ಸುತ್ತುವುದು, ಹಕ್ಕಿ ಮೀನು ಹುಳುಗಳನ್ನು ತೋರಿಸುವುದು ನನ್ನ ಹಳೆಯ ಚಟ. ಜಕ್ಕೂರು, ಹೆಬ್ಬಾಳ, ಕೈಕೊಂಡ್ರಹಳ್ಳಿ, ಸ್ಯಾಂಕಿ, ಲಾಲ್‌ಬಾಗ್ ಎಂದು ಕೆರೆ ಬದಲಾಗುತ್ತದೆ, ಪ್ರಶ್ನೆಗಳು ಮಾತ್ರ ಬದಲಾಗುವುದಿಲ್ಲ. ಏರಿಯ ಮೇಲೆ ನಿಂತು ಕೇಳಿದವು, ಕಾಗದ ಬರೆದು ಕೇಳಿದವು, ಮೊಬೈಲಿಗೆ ಫೋಟೊ ಕಳಿಸಿ ಕೇಳಿದವು ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭದವು ಮೊದಲು ಇವೆ, ತಲೆ ತುರಿಸಿಕೊಳ್ಳುವಂಥವು ಆಮೇಲೆ.

## ಮೊದಲ ಹೆಜ್ಜೆ

ನೀರು ಎಂದರೆ ಎಚ್‌ಟುಓ. ಅದರೊಳಗೇ ಆಮ್ಲಜನಕ ಇರುವಾಗ ಮೀನಿಗೆ ಕೊರತೆ ಹೇಗಾಗುತ್ತದೆ?

ಶಾಲೆಯ ಮಕ್ಕಳಷ್ಟೇ ಅಲ್ಲ, ಎಂಜಿನಿಯರುಗಳೂ ಇದನ್ನು ಕೇಳುತ್ತಾರೆ. ನೀರಿನ ಅಣುವಿನೊಳಗಿನ ಆಮ್ಲಜನಕ ಜಲಜನಕದ ಜೊತೆ ಬಿಡಿಸಲಾಗದಂತೆ ಕಟ್ಟಿಕೊಂಡಿದೆ. ಮೀನಿಗೆ ಅದು ಉಪಯೋಗಕ್ಕೆ ಬಾರದು. ಮೀನು ಉಸಿರಾಡುವುದು ನೀರಿನಲ್ಲಿ ಸಕ್ಕರೆಯಂತೆ ಕರಗಿರುವ ಬಿಡಿ ಆಮ್ಲಜನಕವನ್ನು. ಅದು ಗಾಳಿಯಿಂದ ಇಳಿದು ಬರುತ್ತದೆ, ಇಲ್ಲವೇ ನೀರೊಳಗಿನ ಪಾಚಿ ಮತ್ತು ಗಿಡಗಳು ಬಿಸಿಲಿನಲ್ಲಿ ತಯಾರಿಸುತ್ತವೆ.

ಅದರ ಪ್ರಮಾಣ ತೀರ ಕಡಿಮೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಮ್ಮ ಕೆರೆ ನೀರು ಗಾಳಿಯಿಂದ ಹೀರುವಷ್ಟು ಹೀರಿಕೊಂಡರೂ ಲೀಟರಿಗೆ 7.4 ಮಿಲಿಗ್ರಾಂ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಂದು ಲೀಟರ್ ಬೆಂಗಳೂರು ಗಾಳಿಯಲ್ಲಿ ಇರುವುದು ಸುಮಾರು 250 ಮಿಲಿಗ್ರಾಂ. ಅಂದರೆ ಒಂದು ಗ್ರಾಂ ಚಿಲ್ಲರೆ ತೂಗುವ ಗಾಳಿಯಲ್ಲಿ ಇರುವಷ್ಟು ಆಮ್ಲಜನಕ ಬೇಕಾದರೆ ಮೀನು 34 ಕಿಲೋ ನೀರನ್ನು ಬಾಯಿಯಿಂದ ಕಿವಿರಿಗೆ ದಾಟಿಸಬೇಕು. ನೀರಿನ ಪ್ರಾಣಿಗಳ ಮೈಯಲ್ಲಿ ಕಾಣುವ ವಿಚಿತ್ರಗಳಲ್ಲಿ ಮುಕ್ಕಾಲು ಪಾಲು ಈ ಲೆಕ್ಕದಿಂದ ಹುಟ್ಟಿದವು.

ಗಾಳಿಯಲ್ಲಿ ಅಷ್ಟೊಂದು ಆಮ್ಲಜನಕ ಇದ್ದರೆ, ನೀರಿನಿಂದ ತೆಗೆದ ಮೀನು ಯಾಕೆ ಸಾಯುತ್ತದೆ?

ಮಳೆಯಲ್ಲಿ ನೆನೆದ ಪುಸ್ತಕವನ್ನು ನೆನಪಿಸಿಕೊಳ್ಳಿ. ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗಿರುತ್ತವೆ. ಕಿವಿರು ಕೂಡ ಕೂದಲಿಗಿಂತ ತೆಳುವಾದ ಸಾವಿರಾರು ಎಸಳುಗಳ ಪುಸ್ತಕ. ನೀರಿನಲ್ಲಿ ಅವು ತೇಲುತ್ತ ಬಿಡಿಬಿಡಿಯಾಗಿ ನಿಲ್ಲುತ್ತವೆ. ಗಾಳಿಗೆ ಬಂದೊಡನೆ ಅಂಟಿಕೊಂಡು, ಉಸಿರಾಡುವ ಮೇಲ್ಮೈಯೇ ಇಲ್ಲವಾಗುತ್ತದೆ. ಎದುರಿಗೆ ಊಟವಿದ್ದೂ ಬಾಯಿ ಹೊಲಿದ ಸ್ಥಿತಿ ಅದು.

ನೀರಿನಲ್ಲಿ ಮಾತ್ರ ಕಿವಿರಿನ ಜಾಣತನಕ್ಕೆ ಸಾಟಿಯಿಲ್ಲ. ಎಸಳಿನೊಳಗೆ ರಕ್ತ ಒಂದು ದಿಕ್ಕಿಗೆ ಹರಿದರೆ, ಹೊರಗೆ ನೀರು ಅದಕ್ಕೆ ಎದುರು ದಿಕ್ಕಿಗೆ ಹರಿಯುತ್ತದೆ. ಹೀಗಾಗಿ ರಕ್ತಕ್ಕೆ ಹೆಜ್ಜೆ ಹೆಜ್ಜೆಗೂ ತನಗಿಂತ ಹೆಚ್ಚು ಆಮ್ಲಜನಕವಿರುವ ನೀರೇ ಎದುರಾಗುತ್ತದೆ. ಒಳ್ಳೆಯ ಕಿವಿರು ನೀರಿನಲ್ಲಿರುವ ಆಮ್ಲಜನಕದಲ್ಲಿ ನೂರಕ್ಕೆ 80ರವರೆಗೆ ಹಿಂಡಿಕೊಳ್ಳಬಲ್ಲದು. ನಮ್ಮ ಶ್ವಾಸಕೋಶ ಕಾಲು ಭಾಗ ತೆಗೆದುಕೊಂಡು ಉಳಿದದ್ದನ್ನು ಹೊರಗೆ ಬಿಡುತ್ತದೆ. ಸಿರಿವಂತರ ಮನೆಯ ದುಂದುಗಾರಿಕೆ ನಮ್ಮದು.

ಬಾಲ ಅಲ್ಲಾಡುವುದು ಎಡಕ್ಕೆ ಬಲಕ್ಕೆ. ಮೀನು ಹೋಗುವುದು ಮುಂದಕ್ಕೆ. ಇದು ಹೇಗೆ?

ಮಾವಿನ ಗೊರಟೆಯನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿ ನೋಡಿ. ಬೆರಳು ಒತ್ತುವುದು ಅಡ್ಡಕ್ಕೆ, ಗೊರಟೆ ಚಿಮ್ಮುವುದು ಮುಂದಕ್ಕೆ. ಮೈ ಓರೆಯಾಗಿದ್ದರೆ ಅಡ್ಡ ಒತ್ತಡದ ಒಂದು ಪಾಲು ಮುಂದಕ್ಕೆ ತಳ್ಳುತ್ತದೆ. ಮೀನು ಮಾಡುವುದೂ ಇದನ್ನೇ. ತಲೆಯಿಂದ ಹೊರಟ ಬಳುಕು ಬಾಲದವರೆಗೆ ಅಲೆಯಾಗಿ ಸಾಗುತ್ತದೆ. ಓರೆಯಾದ ಮೈ ನೀರನ್ನು ಹಿಂದಕ್ಕೂ ಪಕ್ಕಕ್ಕೂ ನೂಕುತ್ತದೆ. ಎಡದ ನೂಕು ಬಲದ ನೂಕನ್ನು ಹೊಡೆದುಹಾಕುತ್ತದೆ, ಹಿಂದಕ್ಕೆ ನೂಕಿದ್ದು ಮಾತ್ರ ಲೆಕ್ಕಕ್ಕೆ ಉಳಿಯುತ್ತದೆ. ಕೆರೆ ದಾಟುವ ನೀರುಹಾವಿನ ಸೂತ್ರವೂ ಇದೇ.

ಮೀನಂಗಡಿಯಲ್ಲಿ ಬಂಗುಡೆಯ ತುಂಡನ್ನು ಗಮನಿಸಿದ್ದೀರಾ? ಪಕ್ಕದ ಚರ್ಮದ ಕೆಳಗೆ ಕಡುಗೆಂಪು ಪಟ್ಟಿಯೊಂದು ಇರುತ್ತದೆ. ಅದು ದಿನವಿಡೀ ಈಜುವ ಸ್ನಾಯು, ಆಮ್ಲಜನಕ ಸಿಗುತ್ತಿರುವಷ್ಟು ಹೊತ್ತೂ ದಣಿಯುವುದಿಲ್ಲ. ಉಳಿದ ಬಿಳಿ ಮಾಂಸ ದಿಢೀರ್ ಓಟಕ್ಕೆ. ಅದು ಆಮ್ಲಜನಕವಿಲ್ಲದೆಯೂ ಕೆಲವು ಕ್ಷಣ ದುಡಿಯುತ್ತದೆ, ಆದರೆ ಲ್ಯಾಕ್ಟಿಕ್ ಆಮ್ಲದ ಸಾಲ ಬೆಳೆಸಿಕೊಳ್ಳುತ್ತದೆ. ಕೆರೆಯಲ್ಲಿ ಬೆಳೆಯುವ ರೋಹುವಿನಲ್ಲಿ ಕೆಂಪು ಪಟ್ಟಿ ಬಹಳ ತೆಳು. ಕಡಲಿನ ಅಲೆಮಾರಿಗೂ ಕೆರೆಯ ಸಂಸಾರಿಗೂ ಇರುವ ವ್ಯತ್ಯಾಸ ತಟ್ಟೆಯಲ್ಲೇ ಕಾಣುತ್ತದೆ.

ಮೀನು ಈಜುವುದನ್ನು ನಿಲ್ಲಿಸಿದರೆ ಮುಳುಗುವುದಿಲ್ಲವೇ?

ಬಹಳಷ್ಟು ಮೀನುಗಳ ಹೊಟ್ಟೆಯ ಮೇಲ್ಭಾಗದಲ್ಲಿ ಗಾಳಿಚೀಲವಿರುತ್ತದೆ. ಅದರೊಳಗಿನ ಅನಿಲವನ್ನು ಹೆಚ್ಚು ಕಡಿಮೆ ಮಾಡಿ, ಮುಳುಗದೆ ತೇಲದೆ ನಡುನೀರಿನಲ್ಲಿ ನಿಲ್ಲುತ್ತವೆ. ಮೀನು ಕೊಯ್ಯುವಾಗ ಬೆಳ್ಳಗೆ ಪುಗ್ಗೆಯಂತೆ ಸಿಗುವುದು ಅದೇ. ಶಾರ್ಕ್‌ಗಳಿಗೆ ಅದಿಲ್ಲ. ಎಣ್ಣೆ ತುಂಬಿದ ದೊಡ್ಡ ಯಕೃತ್ತು ಸ್ವಲ್ಪ ನೆರವಾಗುತ್ತದೆ, ಉಳಿದದ್ದು ಈಜಿನಿಂದಲೇ ಆಗಬೇಕು. ಎಲ್ಲ ಶಾರ್ಕ್‌ಗಳೂ ನಿಂತರೆ ಸಾಯುತ್ತವೆ ಎಂಬುದು ನಿಜವಲ್ಲ. ತಳದಲ್ಲಿ ಮಲಗಿ ಉಸಿರಾಡುವ ಜಾತಿಗಳಿವೆ. ಟ್ಯೂನಾ ಮೀನಿಗೆ ಮಾತ್ರ ಬಾಯಿ ತೆರೆದು ಈಜುತ್ತಿದ್ದರಷ್ಟೇ ಕಿವಿರಿಗೆ ನೀರು. ಅದರ ಪಾಲಿಗೆ ಓಟವೂ ಉಸಿರೂ ಒಂದೇ ಕೆಲಸ.

## ಕೆರೆಯ ದಡದಲ್ಲಿ

ಬೆಳಿಗ್ಗೆ ಆರಕ್ಕೆ ಹೋದರೆ ಮೀನುಗಳೆಲ್ಲ ಬಾಯಿ ಮೇಲೆ ಮಾಡಿಕೊಂಡು ಇರುತ್ತವೆ. ಪಾಪ, ಹಸಿದಿರಬೇಕು. ಬ್ರೆಡ್ ಹಾಕಬಹುದೇ?

ದಯವಿಟ್ಟು ಹಾಕಬೇಡಿ. ಅವು ಕೇಳುತ್ತಿರುವುದು ತುತ್ತನ್ನಲ್ಲ, ಉಸಿರನ್ನು.

ಹಗಲಿನಲ್ಲಿ ಪಾಚಿ ಆಮ್ಲಜನಕ ತಯಾರಿಸುತ್ತದೆ. ಸೂರ್ಯ ಮುಳುಗಿದ ಮೇಲೆ ತಯಾರಿಕೆ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ಮೀನು, ಹುಳು, ತಳದ ಬ್ಯಾಕ್ಟೀರಿಯಾ, ಜೊತೆಗೆ ಪಾಚಿಯೂ ಸೇರಿ ರಾತ್ರಿಯಿಡೀ ಹಗಲಿನ ಗಳಿಕೆಯನ್ನು ಕರಗಿಸುತ್ತವೆ. ನೀರು ಎಷ್ಟು ಹಸಿರೋ ರಾತ್ರಿಯ ಖರ್ಚು ಅಷ್ಟು ಹೆಚ್ಚು. ಬೆಳಗಿನ ಜಾವ, ಸೂರ್ಯ ಹುಟ್ಟುವ ಹೊತ್ತಿಗೆ ಡಬ್ಬಿ ಖಾಲಿ.

ಆಗ ಉಳಿದಿರುವುದು ನೀರಿನ ಮೇಲಿನ ಒಂದೆರಡು ಮಿಲಿಮೀಟರ್ ಪದರ. ಗಾಳಿಯಿಂದ ಆಮ್ಲಜನಕ ಇಳಿಯುವುದು ಅಲ್ಲಿಗೆ, ಮತ್ತು ನಿಂತ ನೀರಿನಲ್ಲಿ ಅದು ಕೆಳಗೆ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಮೀನುಗಳು ತುಟಿಯನ್ನು ಆ ಪದರಕ್ಕೆ ತಾಗಿಸಿ ಅದನ್ನಷ್ಟೇ ಕಿವಿರಿಗೆ ಎಳೆದುಕೊಳ್ಳುತ್ತವೆ. ಸೊಳ್ಳೆ ಮರಿ ತಿನ್ನಲೆಂದು ಬಾವಿ, ತೊಟ್ಟಿಗಳಿಗೆ ಬಿಡುವ ಗಪ್ಪಿ ಮೀನಿನ ಬಾಯಿ ಮೇಲ್ಮುಖವಾಗಿದೆ, ತಲೆ ಚಪ್ಪಟೆ. ಈ ಕೆಲಸಕ್ಕೆ ಹೇಳಿ ಮಾಡಿಸಿದ ಮೈಕಟ್ಟು. ಕಾಟ್ಲಾಕ್ಕೂ ಬಾಯಿ ಮೇಲಕ್ಕಿದೆ, ಆದರೆ ಅಷ್ಟು ದೊಡ್ಡ ಮೈಗೆ ಆ ಪದರ ಸಾಲುವುದಿಲ್ಲ.

ಬ್ರೆಡ್ ಹಾಕಿದರೆ ಏನಾಗುತ್ತದೆ ಎಂದರೆ, ತಿನ್ನದೆ ಉಳಿದದ್ದು ಕೊಳೆಯುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಬೇಕು. ಮರುದಿನ ಇನ್ನಷ್ಟು ಬಾಯಿಗಳು ಮೇಲೆ ಕಾಣುತ್ತವೆ.

ಮಳೆ ಬಂದ ಮರುದಿನವೇ ಮೀನು ಸತ್ತು ತೇಲುತ್ತವೆ. ಯಾರೋ ವಿಷ ಹಾಕಿದ್ದಾರೆ ಅಲ್ಲವೇ?

ಕೆಲವೊಮ್ಮೆ ಹೌದು, ಹೆಚ್ಚಿನ ಸಲ ಅಲ್ಲ. ಬೇಸಿಗೆಯ ಮೊದಲ ದೊಡ್ಡ ಮಳೆ ಊರಿನ ಚರಂಡಿಗಳಲ್ಲಿ ತಿಂಗಳುಗಟ್ಟಲೆ ಕೂತಿದ್ದ ಕೊಳೆಯನ್ನು ರಾಜಕಾಲುವೆಯ ಮೂಲಕ ಒಂದೇ ಏಟಿಗೆ ಕೆರೆಗೆ ತಂದು ಸುರಿಯುತ್ತದೆ. ನುಗ್ಗಿದ ನೀರು ತಳದ ಕಪ್ಪು ಹೂಳನ್ನು ಕದಡುತ್ತದೆ. ಆ ಹೂಳಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡ್ ಅಡಗಿರುತ್ತದೆ. ಅದು ವಿಷವೂ ಹೌದು, ಆಮ್ಲಜನಕವನ್ನು ಕಬಳಿಸುವಂಥದ್ದೂ ಹೌದು. ಮೇಲೆ ಮೋಡ ಕವಿದಿದ್ದರೆ ಪಾಚಿಯ ಸಂಪಾದನೆಯೂ ಕಡಿಮೆ. ಎಲ್ಲ ಒಟ್ಟಿಗೆ ಬಂದಾಗ ಒಂದೇ ರಾತ್ರಿಯಲ್ಲಿ ಕೆರೆ ಉಸಿರುಗಟ್ಟುತ್ತದೆ.

ಮಳೆಯೇ ಬೇಕೆಂದಿಲ್ಲ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ಊರೇ ನೋಡಿತು. ಬೇಸಿಗೆಯಲ್ಲಿ ಮೀನಿನ ಕಷ್ಟ ಎರಡು ಕಡೆಯಿಂದ ಬರುತ್ತದೆ: ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಮೈ ಬಿಸಿಯಾದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚು.

ಹಾಗಾದರೆ ವಿಷವನ್ನು ಗುರುತಿಸುವುದು ಹೇಗೆ? ನಾನು ಮೊದಲು ಕೇಳುವುದು, ಸತ್ತದ್ದು ಯಾವ ಹೊತ್ತಿಗೆ ಎಂದು. ಉಸಿರುಗಟ್ಟಿದ ಸಾವು ಸಾಮಾನ್ಯವಾಗಿ ಬೆಳಗಿನ ಜಾವದ್ದು; ದೊಡ್ಡ ಮೀನುಗಳು ಮೊದಲು ಹೋಗುತ್ತವೆ, ಬಾಯಿ ತೆರೆದು ಕಿವಿರು ಅರಳಿರುತ್ತದೆ, ಗಾಳಿ ಕುಡಿಯಬಲ್ಲ ಮೀನುಗಳು ಬದುಕಿರುತ್ತವೆ. ವಿಷಕ್ಕೆ ಹೊತ್ತಿಲ್ಲ, ಗಾತ್ರದ ಭೇದವೂ ಇಲ್ಲ. ಮೀನಿನ ಜೊತೆಗೆ ಹುಳು, ಬಸವನಹುಳು, ಕಪ್ಪೆಮರಿಗಳೂ ಸತ್ತಿದ್ದರೆ ಅನುಮಾನ ಪಡಬೇಕು. ಅಮೋನಿಯಾ ಇವೆರಡರ ನಡುವಿನದು: ಕೊಳಚೆಯಿಂದ ಬರುತ್ತದೆ, ನೀರು ಕ್ಷಾರವಾದಷ್ಟೂ ವಿಷಕಾರಿಯಾಗುತ್ತದೆ. ಹಸಿರುಗಟ್ಟಿದ ಕೆರೆ ಮಧ್ಯಾಹ್ನದ ಬಿಸಿಲಿಗೆ ಅತಿ ಹೆಚ್ಚು ಕ್ಷಾರವಾಗಿರುತ್ತದೆ.

ಸತ್ತು ತೇಲಿದ ಮೀನನ್ನು ಯಾವ ಕಾರಣಕ್ಕೂ ತಿನ್ನಬೇಡಿ, ಮಾರುವವರನ್ನು ಕಂಡರೆ ಸುಮ್ಮನಿರಬೇಡಿ.

ನಮ್ಮ ಕೆರೆಯಲ್ಲಿ ಮೀನು ಬೇಕಾದಷ್ಟಿವೆ. ಅಂದ ಮೇಲೆ ನೀರು ಚೆನ್ನಾಗಿದೆ ಎಂದಾಯಿತಲ್ಲ?

ಈ ಮಾತನ್ನು ಸಭೆಗಳಲ್ಲಿ ದೊಡ್ಡವರೂ ಹೇಳುತ್ತಾರೆ. ನನ್ನ ಮರುಪ್ರಶ್ನೆ ಒಂದೇ: ಯಾವ ಮೀನು?

ಮಾರುಕಟ್ಟೆಯಲ್ಲಿ ಮುರ್ರೆಲ್ ಎಂದು ಮಾರುವ ಕೊರವ ಮೀನನ್ನು ಟಬ್ಬಿನಲ್ಲಿ ಜೀವಂತ ಇಟ್ಟಿರುತ್ತಾರೆ. ಬೆನ್ನು ಮುಳುಗುವಷ್ಟು ನೀರಿದ್ದರೆ ಸಾಕು, ಗಂಟೆಗಟ್ಟಲೆ ಇರುತ್ತದೆ. ಅದರ ತಲೆಯೊಳಗೆ, ಕಿವಿರಿನ ಮೇಲ್ಗಡೆ, ಗಾಳಿ ತುಂಬಿಕೊಳ್ಳುವ ಕೋಣೆಗಳಿವೆ. ಬೆಳೆದ ಕೊರವಕ್ಕೆ ಕಿವಿರೊಂದೇ ಸಾಲದು. ಬಲೆಯಲ್ಲಿ ಸಿಕ್ಕಿ ಮೇಲೆ ಬರಲಾಗದಿದ್ದರೆ ಆಮ್ಲಜನಕವಿರುವ ನೀರಿನಲ್ಲೂ ಉಸಿರುಗಟ್ಟುತ್ತದೆ. ಮೀನೊಂದು ನೀರಿನಲ್ಲಿ ಮುಳುಗಿ ಸಾಯುವುದೆಂದರೆ ಜನ ನಗುತ್ತಾರೆ, ಆದರೆ ನಿಜ.

ಆಫ್ರಿಕನ್ ಕ್ಯಾಟ್‌ಫಿಶ್‌ಗೆ ಅದೇ ಜಾಗದಲ್ಲಿ ಮರದ ಕೊಂಬೆಗಳಂತೆ ಕವಲೊಡೆದ ಅಂಗವಿದೆ, ಮೈತುಂಬ ರಕ್ತನಾಳ. ಗಾಳಿಯಲ್ಲಿ ಕುಸಿಯದಷ್ಟು ಗಟ್ಟಿ. ಒದ್ದೆ ನೆಲದ ಮೇಲೆ ತೆವಳಿಕೊಂಡು ಇನ್ನೊಂದು ಹೊಂಡಕ್ಕೆ ಹೋಗುವ ಮೀನು ಇದು. ಇದರ ಸಾಕಣೆಯನ್ನು ನಮ್ಮ ದೇಶದಲ್ಲಿ 2000ದಲ್ಲೇ ನಿಷೇಧಿಸಲಾಗಿದೆ, ಆದರೂ ಕೊಳಚೆ ತುಂಬಿದ ಕೆರೆಗಳಲ್ಲಿ ಇದರದೇ ದರ್ಬಾರು. ತಿಲಾಪಿಯಾ ಗಾಳಿ ಕುಡಿಯುವುದಿಲ್ಲ, ಆದರೆ ನೀರಿನ ಆಮ್ಲಜನಕ ಲೀಟರಿಗೆ 1 ಮಿಲಿಗ್ರಾಮಿಗೆ ಇಳಿದರೂ ಮೇಲಿನ ಪದರ ಹೀರುತ್ತ ಕೆಲವು ಹೊತ್ತು ತಳ್ಳುತ್ತದೆ. ರೋಹು, ಕಾಟ್ಲಾ 3ಕ್ಕಿಂತ ಕೆಳಗೆ ಇಳಿದರೆ ಕಂಗೆಡುತ್ತವೆ.

ಹಾಗಾಗಿ ಬಲೆಯಲ್ಲಿ ಬರೀ ಕ್ಯಾಟ್‌ಫಿಶ್ ಮತ್ತು ತಿಲಾಪಿಯಾ ಬಂದರೆ, ಆ ಕೆರೆಯ ಮೀನುಗಳು ನೀರನ್ನು ನಂಬುವುದನ್ನು ಬಿಟ್ಟು ಬಹಳ ದಿನವಾಯಿತು ಎಂದು ತಿಳಿಯಬೇಕು.

ನೀರುಕಾಗೆ ರೆಕ್ಕೆ ಬಿಚ್ಚಿಕೊಂಡು ಬಿಸಿಲಿಗೆ ನಿಲ್ಲುವುದೇಕೆ? ಬಾತುಕೋಳಿಗೆ ಆ ಗೋಳಿಲ್ಲವಲ್ಲ?

ಬಾತುಕೋಳಿಯ ಗರಿಗೆ ನೀರು ಅಂಟುವುದಿಲ್ಲ. ಗರಿಗಳ ನಡುವೆ ಸಿಕ್ಕ ಗಾಳಿ ಅದನ್ನು ಬೆಚ್ಚಗೂ ಹಗುರವಾಗಿಯೂ ಇಡುತ್ತದೆ. ಆದರೆ ಮುಳುಗಿ ಬೇಟೆಯಾಡುವವರಿಗೆ ಆ ಹಗುರವೇ ಶತ್ರು. ಬಿಂದಿಗೆಯನ್ನು ಬೋರಲಾಗಿ ನೀರಿಗೆ ಒತ್ತಿದರೆ ಎಷ್ಟು ಹಠ ಮಾಡುತ್ತದೆ, ನೋಡಿದ್ದೀರಲ್ಲ. ನೀರುಕಾಗೆಯ ಗರಿಯ ಅಂಚು ನೆನೆಯುತ್ತದೆ, ಗಾಳಿ ಹೊರಡುತ್ತದೆ, ಹಕ್ಕಿ ಸಲೀಸಾಗಿ ಮುಳುಗುತ್ತದೆ. ಗರಿಯ ಒಳಭಾಗ ಒಣಗಿಯೇ ಇರುವುದರಿಂದ ಮೈ ತಣ್ಣಗಾಗುವುದಿಲ್ಲ. ದಡಕ್ಕೆ ಬಂದ ಮೇಲೆ ಒಣಗಿಸುವ ಕೆಲಸ ಮಾತ್ರ ತಪ್ಪಿದ್ದಲ್ಲ. ಹಾವಕ್ಕಿ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಪೂರ್ತಿ ನೆನೆದು, ಕತ್ತು ಮಾತ್ರ ಮೇಲಿಟ್ಟು ಈಜುತ್ತದೆ. ಹೊಸಬರು ಹಾವೆಂದೇ ಕೂಗುತ್ತಾರೆ.

ಗುಳುಮುಳುಕ ಗರಿಗಳನ್ನು ಮೈಗೆ ಒತ್ತಿ ಗಾಳಿ ಹಿಂಡಿ ಕೆಳಗಿಳಿಯುತ್ತದೆ. ಅದರ ಕಾಲು ಮೈಯ ತೀರ ಹಿಂಭಾಗದಲ್ಲಿವೆ, ದೋಣಿಯ ಹಿಂದಿನ ಹುಟ್ಟಿನಂತೆ. ನೀರಿನಲ್ಲಿ ಬಾಣ, ನೆಲದ ಮೇಲೆ ಎಡವಟ್ಟು. ಹೆಜ್ಜಾರ್ಲೆಯ ಚರ್ಮದ ಕೆಳಗೇ ಗಾಳಿಚೀಲಗಳಿವೆ, ಅದು ಬಯಸಿದರೂ ಮುಳುಗಲಾರದು. ಆದ್ದರಿಂದಲೇ ಹೆಜ್ಜಾರ್ಲೆಗಳು ಗುಂಪಾಗಿ ಸುತ್ತುವರಿದು ಮೇಲಿನಿಂದಲೇ ಮೀನು ಮೊಗೆಯುತ್ತವೆ.

ಕೆರೆಗೆ ಕಾರಂಜಿ ಹಾಕಿಸಿದರೆ ಆಮ್ಲಜನಕದ ಸಮಸ್ಯೆ ಮುಗಿಯುವುದಿಲ್ಲವೇ?

ಕಾರಂಜಿಯ ಸುತ್ತ ಸ್ವಲ್ಪ ಜಾಗಕ್ಕೆ ಉಪಯೋಗವಿದೆ. ಆದರೆ ಸಂಜೆ ಬಣ್ಣದ ದೀಪ ಹಾಕಿ ಓಡಿಸಿ, ಜನ ಮನೆಗೆ ಹೋದೊಡನೆ ಆರಿಸುತ್ತಾರೆ. ಮೀನಿಗೆ ಬೇಕಾದದ್ದು ನಡುರಾತ್ರಿಯಿಂದ ಸೂರ್ಯೋದಯದವರೆಗೆ. ಕೊಳಚೆ ಒಳಬರುತ್ತಲೇ ಇದ್ದರೆ ಕಾರಂಜಿ ತೂತು ಬಿಂದಿಗೆಗೆ ನೀರು ಹೊಯ್ದಂತೆ. ಜಕ್ಕೂರಿನಲ್ಲಿ ಸಂಸ್ಕರಿಸಿದ ನೀರನ್ನು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡಿಗೆ ನನ್ನ ಮತ.

## ಮನೆಯ ತೊಟ್ಟಿಯಲ್ಲಿ

ಕರೆಂಟ್ ಹೋದರೆ ಅಕ್ವೇರಿಯಂ ಮೀನು ಎಷ್ಟು ಹೊತ್ತು ತಡೆಯುತ್ತವೆ? ಗುಳ್ಳೆ ನಿಂತರೆ ಸಾಯುತ್ತವೆಯೇ?

ಗುಳ್ಳೆಯಿಂದ ನೀರಿಗೆ ನೇರವಾಗಿ ಇಳಿಯುವ ಆಮ್ಲಜನಕ ಕಡಿಮೆ. ಗುಳ್ಳೆಗಳು ಮೇಲಕ್ಕೇರುತ್ತ ತಳದ ನೀರನ್ನು ಮೇಲಕ್ಕೆ ಎಳೆದು ಮೇಲ್ಮೈಯನ್ನು ಕಲಕುವುದೇ ದೊಡ್ಡ ಉಪಕಾರ. ಆದ್ದರಿಂದ ಕರೆಂಟ್ ಹೋದಾಗ ಆ ಕೆಲಸ ನೀವು ಮಾಡಿದರಾಯಿತು: ಚೊಂಬಿನಲ್ಲಿ ನೀರು ಮೊಗೆದು ಗೇಣೆತ್ತರದಿಂದ ಅದೇ ತೊಟ್ಟಿಗೆ ಸುರಿಯಿರಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಊಟ ಹಾಕಬೇಡಿ, ಜೀರ್ಣಿಸಿಕೊಳ್ಳಲೂ ಆಮ್ಲಜನಕ ಬೇಕು. ಮೀನು ಕಡಿಮೆ, ತೊಟ್ಟಿ ಅಗಲ ಇದ್ದರೆ ಹಲವು ಗಂಟೆ ಚಿಂತೆಯಿಲ್ಲ. ಮುಚ್ಚಿದ ಡಬ್ಬಿಯಂಥ ಫಿಲ್ಟರ್ ಬಹಳ ಹೊತ್ತು ನಿಂತಿದ್ದರೆ ತೊಳೆಯದೆ ಚಾಲೂ ಮಾಡಬೇಡಿ, ಒಳಗೆ ಕೊಳೆತ ನೀರು ಒಮ್ಮೆಲೇ ತೊಟ್ಟಿಗೆ ಬರುತ್ತದೆ.

ಫೈಟರ್ ಮೀನು ಸಾಕುವವರಿಗೆ ಇನ್ನೊಂದು ಮಾತು. ಅದು ಗಾಳಿಯನ್ನೇ ಗುಟುಕರಿಸುವ ಮೀನು. ಸೀಸೆಯನ್ನು ಕಂಠಪೂರ್ತಿ ತುಂಬಿ ಮುಚ್ಚಳ ಬಿಗಿದರೆ ಅದನ್ನು ಕೊಂದಂತೆ. ಗಾಳಿ ಕುಡಿಯುತ್ತದೆಂದು ಲೋಟದಷ್ಟು ನೀರಿನಲ್ಲಿ ಇಡುವುದೂ ತಪ್ಪು. ಅದರದೇ ಹೊಲಸಿನ ಅಮೋನಿಯಾದಿಂದ ಪಾರಾಗುವ ಅಂಗ ಅದಕ್ಕಿಲ್ಲ.

ಡ್ರಮ್ಮಿನ ನೀರಲ್ಲಿ ಸೊಳ್ಳೆ ಮರಿ ತಲೆಕೆಳಗಾಗಿ ನೇತಾಡುವುದೇಕೆ?

ಅದು ಹೊಟ್ಟೆಯ ತುದಿಯ ಕೊಳವೆಯಿಂದ ಉಸಿರಾಡುತ್ತದೆ. ಕೊಳವೆಯ ಬಾಯಿ ನೀರಿನ ಮೇಲೆ, ತಲೆ ಕೆಳಗೆ. ಮುಟ್ಟಿದರೆ ಮೈ ಕೊಂಕಿಸುತ್ತ ತಳಕ್ಕೆ ಹೋಗುತ್ತದೆ, ಆದರೆ ಮತ್ತೆ ಮೇಲೆ ಬರಲೇಬೇಕು. ಡೆಂಗಿ ಹರಡುವ ಈಡಿಸ್ ಮರಿ ಹೀಗೆ ಓರೆಯಾಗಿ ನೇತಾಡಿದರೆ, ಮಲೇರಿಯಾದ ಅನಾಫಿಲಿಸ್ ಮರಿಗೆ ಉದ್ದ ಕೊಳವೆಯಿಲ್ಲ, ಅದು ನೀರಿನ ಮೇಲೆ ಚಾಪೆ ಹಾಸಿದಂತೆ ಮಲಗುತ್ತದೆ. ನಿಂತ ನೀರಿಗೆ ಎಣ್ಣೆ ಬಿಡುವ ಉಪಾಯದ ಗುಟ್ಟು ಇಷ್ಟೇ: ಎಣ್ಣೆಯ ಪೊರೆ ಕೊಳವೆಯ ಬಾಯಿ ಮುಚ್ಚುತ್ತದೆ. ಡ್ರಮ್ಮಿಗೆ ಅದು ಬೇಡ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ತೊಳೆದರೆ ಸಾಕು.

ಕೆರೆಯಲ್ಲಿ ಇದೇ ಮರಿಗಳನ್ನು ತಿನ್ನುವುದು ಏರೋಪ್ಲೇನ್ ಚಿಟ್ಟೆಯ ಮರಿ. ಅದರ ಕಿವಿರು ಇರುವುದು ಗುದದ್ವಾರದ ಒಳಗೆ. ಹಿಂದಿನಿಂದ ನೀರು ಎಳೆದುಕೊಂಡು ಉಸಿರಾಡುತ್ತದೆ. ಅಪಾಯ ಬಂದರೆ ಅದೇ ನೀರನ್ನು ರಭಸವಾಗಿ ಪಿಚಕಾರಿಯಂತೆ ಚಿಮ್ಮಿಸಿ ಮುಂದಕ್ಕೆ ಹಾರುತ್ತದೆ. ಮಕ್ಕಳಿಗೆ ಇದನ್ನು ಹೇಳಿದ ಮೇಲೆ ಬೇರೆ ಪಾಠ ನಡೆಯುವುದಿಲ್ಲ.

ಸಂಪ್ ತೊಳೆಯುವಾಗ ತಳದಲ್ಲಿ ಕೆಂಪು ಹುಳು ಸಿಕ್ಕಿತು. ರಕ್ತ ಕುಡಿಯುವ ಹುಳವೇ?

ಅಲ್ಲ. ಕೆರೆ ಬದಿಯ ದೀಪಕ್ಕೆ ಸಂಜೆ ಮೋಡದಂತೆ ಮುತ್ತುವ, ಕಚ್ಚದ ನೊಣದಂಥ ಹುಳುವಿನ ಮರಿ ಅದು. ಕೆಂಪು ಬಣ್ಣ ಅದರದೇ ಹಿಮೋಗ್ಲೋಬಿನ್ನಿನದು, ನಮ್ಮ ರಕ್ತದಲ್ಲಿರುವುದರ ದಾಯಾದಿ. ಹೂಳಿನೊಳಗೆ ಆಮ್ಲಜನಕ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಇರುವ ಚೂರನ್ನೂ ಬಾಚಿಕೊಳ್ಳಲು ಈ ಏರ್ಪಾಡು. ಮೈ ಬಳುಕಿಸಿ ತನ್ನ ಬಿಲದೊಳಕ್ಕೆ ನೀರು ಎಳೆದುಕೊಳ್ಳುತ್ತದೆ. ಹುಳದಿಂದ ಅಪಾಯವಿಲ್ಲ, ಸಂಪಿನ ತಳದಲ್ಲಿ ಕೆಸರು ಕೂತಿದೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

## ಆಳಕ್ಕೆ ಇಳಿದಾಗ

ಉದ್ದದ ಪೈಪ್ ಬಾಯಲ್ಲಿಟ್ಟುಕೊಂಡರೆ ಕೆರೆಯ ತಳದಲ್ಲಿ ಕೂತು ಉಸಿರಾಡಬಹುದಲ್ಲವೇ?

ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನಿಗೆ ಜಲಸ್ತಂಭನ ವಿದ್ಯೆ ಗೊತ್ತಿತ್ತು, ಪೈಪಿನ ಯೋಚನೆ ಬೇಕಾಗಲಿಲ್ಲ. ನಮಗೆ ಎರಡು ಅಡ್ಡಿಗಳಿವೆ.

ಒಂದು, ಹಳೆಯ ಗಾಳಿ. ನಾವು ಒಂದು ಸಾಮಾನ್ಯ ಉಸಿರಿಗೆ ಎಳೆದುಕೊಳ್ಳುವುದು ಸುಮಾರು ಅರ್ಧ ಲೀಟರ್. ಎರಡು ಸೆಂಟಿಮೀಟರ್ ಅಗಲದ, ಎರಡು ಮೀಟರ್ ಉದ್ದದ ಪೈಪಿನೊಳಗೇ ಅದಕ್ಕಿಂತ ಹೆಚ್ಚು ಗಾಳಿ ಹಿಡಿಯುತ್ತದೆ. ನೀವು ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಕುಡಿಯುತ್ತೀರಿ.

ಎರಡು, ಒತ್ತಡ. ಹತ್ತು ಮೀಟರ್ ನೀರಿನ ಭಾರ ಇಡೀ ವಾಯುಮಂಡಲದ ಭಾರಕ್ಕೆ ಸಮ. ಒಂದು ಮೀಟರ್ ಆಳದಲ್ಲೇ ಎದೆಯ ಮೇಲೆ ಬೀಳುವ ಒತ್ತಡ ನಮ್ಮ ಉಸಿರಾಟದ ಸ್ನಾಯುಗಳ ಪೂರ್ಣ ಬಲಕ್ಕೆ ಹತ್ತಿರ. ಪೈಪಿನೊಳಗಿನ ಗಾಳಿ ಮೇಲಿನ ಒತ್ತಡದಲ್ಲಿದೆ, ಶರೀರ ಕೆಳಗಿನ ಒತ್ತಡದಲ್ಲಿದೆ. ಎದೆ ಹಿಗ್ಗಿಸಲಾಗುವುದಿಲ್ಲ, ಹಟ ಮಾಡಿದರೆ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳು ಒಡೆಯಬಹುದು. ದಯವಿಟ್ಟು ಪ್ರಯೋಗ ಮಾಡಿ ನೋಡಬೇಡಿ.

ಇದನ್ನು ಸಾಧಿಸಿದ ಪ್ರಾಣಿ ಆನೆ. ಕಬಿನಿ ಹಿನ್ನೀರನ್ನು ದಾಟುವಾಗ ಮೈಯೆಲ್ಲ ಮುಳುಗಿ ಸೊಂಡಿಲ ತುದಿಯಷ್ಟೇ ಮೇಲಿರುವುದುಂಟು, ಶ್ವಾಸಕೋಶ ಎರಡು ಮೀಟರ್ ಕೆಳಗೆ. ನಮ್ಮಲ್ಲಿ ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ತೆಳ್ಳಗಿನ ಎರಡು ಪೊರೆ, ಅವುಗಳ ನಡುವೆ ದ್ರವ. ಆನೆಯಲ್ಲಿ ಆ ಸಂದು ಇಲ್ಲ, ಜಾಗವನ್ನೆಲ್ಲ ಗಟ್ಟಿ ನಾರಿನ ಅಂಗಾಂಶ ತುಂಬಿದೆ. ಒಡೆಯಬಹುದಾದ ಸೂಕ್ಷ್ಮ ಪೊರೆಯನ್ನೇ ಇಲ್ಲವಾಗಿಸಿಕೊಂಡ ಪ್ರಾಣಿ ಅದು.

ತಿಮಿಂಗಿಲ ಗಂಟೆಗಟ್ಟಲೆ ಮುಳುಗಿರುತ್ತದಂತೆ. ಅಷ್ಟು ದೊಡ್ಡ ಶ್ವಾಸಕೋಶ ಇದೆಯೇ?

ಶ್ವಾಸಕೋಶವನ್ನು ಅವು ನೆಚ್ಚಿಕೊಂಡಿಲ್ಲ. ತಿಮಿಂಗಿಲದಂತೆಯೇ ಆಳಕ್ಕೆ ಇಳಿಯುವ ಕಡಲ ಪ್ರಾಣಿ ವೆಡೆಲ್ ಸೀಲ್ ಮುಳುಗುವ ಮೊದಲು ಉಸಿರನ್ನು ಹೊರಗೆ ಬಿಟ್ಟೇ ಹೋಗುತ್ತದೆ. ಆಳದಲ್ಲಿ ಶ್ವಾಸಕೋಶ ಮಡಚಿಕೊಳ್ಳುತ್ತದೆ, ಹೀಗಾಗಿ ಸಾರಜನಕ ರಕ್ತಕ್ಕೆ ನುಗ್ಗುವ ಕಾಟವೂ ಕಡಿಮೆ. ಆಮ್ಲಜನಕದ ಉಗ್ರಾಣ ಇರುವುದು ರಕ್ತದಲ್ಲಿ ಮತ್ತು ಸ್ನಾಯುವಿನಲ್ಲಿ. ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ನಮಗಿಂತ ಹತ್ತು ಪಟ್ಟಿಗೂ ಹೆಚ್ಚು, ಮಾಂಸ ಕಪ್ಪಗೆ ಕಾಣುವಷ್ಟು. ಅಷ್ಟು ದಟ್ಟವಾದರೆ ಪ್ರೋಟೀನು ಗಂಟುಕಟ್ಟಬೇಕಿತ್ತು. ಅವುಗಳ ಮಯೋಗ್ಲೋಬಿನ್ನಿನ ಮೇಲ್ಮೈಯಲ್ಲಿ ವಿದ್ಯುದಾವೇಶ ಹೆಚ್ಚಿರುವುದರಿಂದ ಅಣುಗಳು ಒಂದನ್ನೊಂದು ದೂರ ತಳ್ಳುತ್ತವೆ. ಮುಳುಗಿದಾಗ ಹೃದಯ ನಿಧಾನವಾಗುತ್ತದೆ, ರಕ್ತ ಮಿದುಳಿಗೂ ಹೃದಯಕ್ಕೂ ಮೀಸಲು. ಕ್ಯುವಿಯೆ ಕೊಕ್ಕಿನ ತಿಮಿಂಗಿಲವೊಂದು 222 ನಿಮಿಷ ಮುಳುಗಿದ್ದ ದಾಖಲೆ 2020ರಲ್ಲಿ ಪ್ರಕಟವಾಯಿತು.

ತಣ್ಣೀರು ಮುಖಕ್ಕೆ ತಾಗಿದರೆ ನಮ್ಮ ಹೃದಯವೂ ನಿಧಾನವಾಗುತ್ತದೆ. ಕಡಲಲ್ಲೇ ಮುಳುಗಿ ಬದುಕುವ ಆಗ್ನೇಯ ಏಷ್ಯಾದ ಬಜಾವು ಜನರ ಗುಲ್ಮ, ಅಂದರೆ ಕೆಂಪು ರಕ್ತಕಣಗಳ ಮೀಸಲು ಇರುವ ಅಂಗ, ನೆರೆಯ ಕೃಷಿಕ ಜನರದ್ದಕ್ಕಿಂತ ಅರ್ಧದಷ್ಟು ದೊಡ್ಡದೆಂದು 2018ರಲ್ಲಿ ತಿಳಿಯಿತು. ಈಜುಕೊಳದಲ್ಲಿ ಪಂದ್ಯ ಕಟ್ಟುವ ಹುಡುಗರಿಗೆ ಮಾತ್ರ ಎಚ್ಚರಿಕೆ: ಮುಳುಗುವ ಮೊದಲು ಬೇಗ ಬೇಗ ಉಸಿರಾಡಿದರೆ ಆಮ್ಲಜನಕ ಅಷ್ಟೇನೂ ಹೆಚ್ಚುವುದಿಲ್ಲ, ಉಸಿರು ಬೇಕೆಂದು ಕೂಗುವ ಇಂಗಾಲದ ಡೈ ಆಕ್ಸೈಡ್ ಖಾಲಿಯಾಗುತ್ತದೆ. ಮುನ್ಸೂಚನೆಯಿಲ್ಲದೆ ನೀರೊಳಗೇ ಎಚ್ಚರ ತಪ್ಪುತ್ತದೆ.

ಆಮ್ಲಜನಕವೇ ಇಲ್ಲದೆ ಬದುಕುವ ಪ್ರಾಣಿ ಇದೆಯೇ?

ಸಾಲ್ಮನ್ ಮೀನಿನ ಮಾಂಸದಲ್ಲಿ ಬದುಕುವ ಒಂದು ಪುಟ್ಟ ಪರಾವಲಂಬಿಗೆ ಉಸಿರಾಟಕ್ಕೆ ಬೇಕಾದ ಮೈಟೊಕಾಂಡ್ರಿಯದ ವಂಶವಾಹಿಗಳೇ ಇಲ್ಲವೆಂದು 2020ರಲ್ಲಿ ಗೊತ್ತಾಯಿತು. ಬೆನ್ನೆಲುಬಿನ ಪ್ರಾಣಿಗಳಲ್ಲಿ ಪೂರ್ತಿ ಹಾಗೆ ಬದುಕುವವರಿಲ್ಲ, ತಿಂಗಳುಗಟ್ಟಲೆ ತಳ್ಳುವವರಿದ್ದಾರೆ. ಉತ್ತರ ಅಮೆರಿಕದ ಬಣ್ಣದ ಆಮೆ ಹೆಪ್ಪುಗಟ್ಟಿದ ಕೊಳದ ತಳದಲ್ಲಿ ಚಳಿಗಾಲ ಕಳೆಯುತ್ತದೆ. ಕೂಡಿಕೊಂಡ ಲ್ಯಾಕ್ಟಿಕ್ ಆಮ್ಲವನ್ನು ಚಿಪ್ಪಿನ ಸುಣ್ಣದಿಂದ ತಣಿಸಿಕೊಳ್ಳುತ್ತದೆ.

ನನಗೆ ಹೆಚ್ಚು ಇಷ್ಟ ಗೋಲ್ಡ್‌ಫಿಶ್ ಮತ್ತು ಅದರ ಬಂಧು, ಯುರೋಪಿನ ಕ್ರೂಸಿಯನ್ ಗೆಂಡೆ. ಇವು ಲ್ಯಾಕ್ಟಿಕ್ ಆಮ್ಲವನ್ನು ಮದ್ಯಸಾರವಾಗಿ ಬದಲಿಸಿ ಕಿವಿರಿನಿಂದ ನೀರಿಗೆ ಬಿಡುತ್ತವೆ. ಮಂಜಿನಡಿಯ ಗೆಂಡೆಯ ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ದಾಟಿ ಮದ್ಯಸಾರ ಇರುತ್ತದೆ. ನಮ್ಮಲ್ಲಿ ವಾಹನ ಚಾಲಕರಿಗೆ ಮಿತಿ 30. ಎಂ.ಜಿ. ರಸ್ತೆಯಲ್ಲಿ ಸಿಕ್ಕಿಬಿದ್ದರೆ ಗೆಂಡೆಗೆ ದಂಡ ಖಚಿತ. ಈ ವಿದ್ಯೆ ತಿಂಗಳುಗಟ್ಟಲೆ ನಡೆಯುವುದು ಕೊರೆಯುವ ನೀರಿನಲ್ಲಿ, ಮೈಯ ಖರ್ಚು ತೀರ ಇಳಿದಾಗ. ಬೆಂಗಳೂರಿನ ಬೆಚ್ಚಗಿನ ಗಾಜಿನ ಬೋಗುಣಿಯಲ್ಲಿ ಗೋಲ್ಡ್‌ಫಿಶ್‌ಗೆ ಆ ಸೌಲಭ್ಯ ಸಿಗುವುದಿಲ್ಲ.

ಬ್ಯಾಕ್ಟೀರಿಯಾಕ್ಕೆ ಬಾಲ ಇದೆಯಲ್ಲ, ಅದೂ ಮೀನಿನಂತೆ ಈಜುತ್ತದೆಯೇ?

ಅದರ ಗಾತ್ರಕ್ಕೆ ನೀರು ಬೆಲ್ಲದ ಪಾಕ. ಮೀನು ಬಾಲ ನಿಲ್ಲಿಸಿದರೂ ಸ್ವಲ್ಪ ದೂರ ಜಾರುತ್ತದೆ. ಬ್ಯಾಕ್ಟೀರಿಯಾ ನಿಲ್ಲಿಸಿದರೆ ಒಂದು ಪರಮಾಣುವಿನ ಅಗಲದಷ್ಟೂ ಸಾಗದೆ ನಿಲ್ಲುತ್ತದೆ. 1977ರಲ್ಲಿ ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ ಈ ಲೆಕ್ಕವನ್ನು ಸೊಗಸಾಗಿ ಬಿಡಿಸಿಟ್ಟರು. ಅಲ್ಲಿ ಬಾಗಿಲು ತೆರೆದು ಮುಚ್ಚಿದಂಥ ಹೋಗಿ ಬರುವ ಚಲನೆಯಿಂದ ಪ್ರಯೋಜನವಿಲ್ಲ, ಹೋದಷ್ಟೇ ಹಿಂದಕ್ಕೆ ಬರಬೇಕಾಗುತ್ತದೆ. ಆದ್ದರಿಂದ ಬ್ಯಾಕ್ಟೀರಿಯಾ ಬಾಲ ಬಡಿಯುವುದಿಲ್ಲ. ಸುರುಳಿಯಾದ ಎಳೆಯನ್ನು ಬುಡದ ಮೋಟಾರಿನಿಂದ ಸೆಕೆಂಡಿಗೆ ನೂರರಷ್ಟು ಸುತ್ತು ತಿರುಗಿಸಿ, ಬೆಂಡಿಗೆ ಇಳಿಸಿದ ತಿರುಪಿನಂತೆ ನೀರನ್ನು ಕೊರೆಯುತ್ತ ಹೋಗುತ್ತದೆ.

ಕೆರೆ ನೀರಿನ ಪರೀಕ್ಷಾ ವರದಿ ಸಿಕ್ಕಿದೆ. ಕರಗಿದ ಆಮ್ಲಜನಕ 12 ಎಂದಿದೆ. ತುಂಬ ಚೆನ್ನಾಗಿದೆ ಅಲ್ಲವೇ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನು ಮತ್ತು ವನ್ಯಜೀವಿಗಳಿಗೆ ತಕ್ಕ ನೀರು ಡಿ ದರ್ಜೆಯದು: ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಹೆಚ್ಚು, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ; 7ರಿಂದ ಮೇಲೇರಿದಷ್ಟೂ ಕ್ಷಾರ) 6.5ರಿಂದ 8.5, ಬಿಡಿ ಅಮೋನಿಯಾ 1.2 ಮಿಲಿಗ್ರಾಮಿನೊಳಗೆ. ಆ ಲೆಕ್ಕದಲ್ಲಿ 12 ಬಹಳ ಸೊಗಸಾಗಿ ಕಾಣುತ್ತದೆ. ಆದರೆ ನಮ್ಮ ಎತ್ತರದಲ್ಲಿ, 25 ಡಿಗ್ರಿಯಲ್ಲಿ, ಗಾಳಿಯಿಂದಷ್ಟೇ ತುಂಬಿಕೊಂಡರೆ ನೀರು 7.4ರಲ್ಲಿ ನಿಲ್ಲಬೇಕು. ಅದರ ಮೇಲೆ ಬಂದದ್ದು ಪಾಚಿಯ ದುಡಿಮೆ. ಕೆರೆ ಪಾಯಸದಂತೆ ಹಸಿರಾಗಿದೆ, ಮಾದರಿಯನ್ನು ಮಧ್ಯಾಹ್ನ ತೆಗೆದಿದ್ದಾರೆ ಎಂದು ನಾನು ಓದಿಕೊಳ್ಳುತ್ತೇನೆ.

ಅದರ ಪಕ್ಕದಲ್ಲಿ ಬಿಒಡಿ ಎಂಬ ಸಾಲು ನೋಡಿ. ಕೊಳೆಯನ್ನು ಅರಗಿಸಲು ಬ್ಯಾಕ್ಟೀರಿಯಾಕ್ಕೆ ಎಷ್ಟು ಆಮ್ಲಜನಕ ಬೇಕಾಯಿತು ಎಂಬ ಲೆಕ್ಕ ಅದು. ನಮ್ಮಲ್ಲಿ ನೀರನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಅಳೆಯುತ್ತಾರೆ. ಆಮ್ಲಜನಕ 12 ಇದ್ದು ಬಿಒಡಿಯೂ ಹೆಚ್ಚಿದ್ದರೆ, ಹಗಲಿನ ಸಿರಿತನ ರಾತ್ರಿಗೆ ಉಳಿಯುವುದಿಲ್ಲ. ಪಿಎಚ್ 9ರ ಹತ್ತಿರ ಇದ್ದರೆ ಅಮೋನಿಯಾದ ಸಾಲಿಗೂ ಕಣ್ಣು ಹಾಯಿಸಿ.

ಆಮೇಲೆ ವರದಿ ಕೊಟ್ಟವರನ್ನು ಮಾದರಿ ತೆಗೆದ ಗಂಟೆ ಎಷ್ಟು, ತೂಬಿನ ಬಳಿಯೋ ಕೋಡಿಯ ಬಳಿಯೋ, ಮೇಲಿನ ನೀರೋ ಆಳದ್ದೋ ಎಂದು ಕೇಳಿ. ಉತ್ತರ ಸಿಗದಿದ್ದರೆ ಮತ್ತೊಮ್ಮೆ ಅಳೆಯಲು ಹೇಳಿ, ಬೆಳಗಿನ ಐದೂವರೆಗೆ. ಆ ಹೊತ್ತಿಗೆ ಬರುವವರು ಯಾರೂ ಇಲ್ಲವೆಂದರೆ ನನಗೆ ತಿಳಿಸಿ, ಹೇಗೂ ನಾನು ಏರಿಯ ಮೇಲೆಯೇ ಇರುತ್ತೇನೆ.